ಮೆಲುದನಿಯ ಕ್ಯಾಪ್ಟನ್‌ಗೆ ಸದ್ದಿಲ್ಲದ ಕಂಪ್ಯೂಟರ್

ಮೊಬೈಲಿಗೆ ಬಂದ ಆ ಧ್ವನಿ ಸಂದೇಶದಲ್ಲಿ ಮೊದಲ ಸಲ ನನಗೆ ಕೇಳಿಸಿದ್ದು ಫ್ಯಾನುಗಳ ಸದ್ದು ಮಾತ್ರ. ಹಲಸೂರಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಾನು ಗೇಮಿಂಗ್ ಕಂಪ್ಯೂಟರುಗಳನ್ನು ಜೋಡಿಸಿಕೊಡುತ್ತೇನೆ, ಕೆಟ್ಟವನ್ನು ಸರಿಮಾಡುತ್ತೇನೆ. ಫ್ಯಾನಿನ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿ, ‘ಇದೇನು ಅಂತ ಹೇಳಿ’ ಎನ್ನುವ ಗಿರಾಕಿಗಳು ನನಗೆ ಹೊಸಬರಲ್ಲ. ಇದೂ ಅಂಥದ್ದೇ ಇರಬೇಕೆಂದು ಬದಿಗಿಟ್ಟಿದ್ದೆ. ಮಧ್ಯಾಹ್ನ ಬಿಡುವಾದಾಗ ಹೆಡ್‌ಫೋನ್ ಹಾಕಿಕೊಂಡು ಮತ್ತೆ ಕೇಳಿದೆ. ಆ ಸದ್ದಿನ ಅಡಿಯಲ್ಲಿ ಒಬ್ಬ ಹುಡುಗ ಮಾತಾಡುತ್ತಿದ್ದ. ನಾಲ್ಕು ಪದ ಹೇಳುತ್ತಿದ್ದ, ನಿಲ್ಲಿಸುತ್ತಿದ್ದ, ಉಸಿರು ತೆಗೆದುಕೊಂಡು ಮತ್ತೆ ನಾಲ್ಕು ಪದ ಹೇಳುತ್ತಿದ್ದ.

“ಅಕ್ಕ, ನನ್ ವಾಯ್ಸ್ ಇಷ್ಟೇ. ಇದಕ್ಕಿಂತ ಜೋರಾಗಿ ಬರಲ್ಲ. ಫ್ಯಾನ್ ಸದ್ದು ಕಮ್ಮಿ ಮಾಡ್ಕೊಡೋಕಾಗುತ್ತಾ?”

ಮಾರನೆಯ ದಿನವೇ ಚೀಲಕ್ಕೆ ಸ್ಕ್ರೂಡ್ರೈವರುಗಳನ್ನು ತುಂಬಿಕೊಂಡು ಕೆ.ಆರ್. ಪುರಂಗೆ ಹೋದೆ. ಹಳೇ ಊರಿನ ಕಡೆ, ಕಿರಿದಾದ ರಸ್ತೆಯಲ್ಲಿ, ಮೂರು ಅಂತಸ್ತಿನ ಕಟ್ಟಡದ ನೆಲಮಹಡಿಯ ಬಾಡಿಗೆ ಮನೆ. ಬಾಗಿಲು ತೆರೆದವರು ಅವನ ತಾಯಿ. ವಿಮಾ ಕಚೇರಿಯೊಂದರಲ್ಲಿ ಕೆಲಸ. ಅರ್ಧ ದಿನ ರಜೆ ಹಾಕಿ ನನಗಾಗಿ ಕಾದಿದ್ದರು. ಹಾಲಿನ ಗೋಡೆಯಲ್ಲಿ ಬುದ್ಧನ ಚಿತ್ರ, ಅದರ ಕೆಳಗೆ ನೀಲಿ ಬಟ್ಟೆ ಹಾಸಿದ ಸಣ್ಣ ಪೀಠ. ಹಾಲಿನ ಒಂದು ಪಕ್ಕಕ್ಕೆ ಅಡುಗೆಮನೆ, ಇನ್ನೊಂದು ಪಕ್ಕಕ್ಕೆ ಅವನ ಕೋಣೆ. ಅಷ್ಟೇ ಮನೆ.

ಅವನಿಗೆ ಇಪ್ಪತ್ತು ದಾಟಿ ಕೆಲವು ವರ್ಷಗಳಾಗಿರಬಹುದು. ಸ್ನಾಯುಗಳು ಬಾಲ್ಯದಿಂದಲೇ ಒಂದೊಂದಾಗಿ ಬಲ ಕಳೆದುಕೊಳ್ಳುತ್ತಾ ಬರುವ ಕಾಯಿಲೆ. ಗಾಲಿಕುರ್ಚಿಯಲ್ಲಿ ಒರಗಿ ಕೂತಿದ್ದ. ಬಲಗೈಯ ಹೆಬ್ಬೆರಳ ಕೆಳಗೆ ಗುಂಡಿಯಷ್ಟು ಚಿಕ್ಕ ಜಾಯ್‌ಸ್ಟಿಕ್, ಗಲ್ಲದ ಬಳಿ ಒಂದು ಸ್ವಿಚ್. ಪಕ್ಕದ ಸ್ಟೂಲಿನ ಮೇಲೆ ಉಸಿರಾಟದ ಯಂತ್ರ. ಅದರಿಂದ ಬಂದ ಕೊಳವೆಯ ತುದಿ ಬಾಯಿಯ ಹತ್ತಿರ ನಿಂತಿತ್ತು. ಬೇಕೆನಿಸಿದಾಗ ತುಟಿಯಿಂದ ಅದನ್ನು ಹಿಡಿದು ಒಂದು ಉಸಿರು ಎಳೆದುಕೊಳ್ಳುತ್ತಿದ್ದ. ಆ ಒಂದು ಉಸಿರಿಗೆ ಸಿಗುವಷ್ಟೇ ಮಾತು.

ಅವನು ಐದು ಜನರ ತಂಡದ ಕ್ಯಾಪ್ಟನ್. ಆನ್‌ಲೈನಿನಲ್ಲಿ ಆಡುವ ಆಟ: ಒಂದು ತಂಡ ಕಟ್ಟಡವನ್ನು ಕಾಯುತ್ತದೆ, ಇನ್ನೊಂದು ನುಗ್ಗುತ್ತದೆ. ಐವರೂ ತಂತಮ್ಮ ಮನೆಗಳಲ್ಲಿ ಕೂತು, ಒಂದೇ ಧ್ವನಿ ಕರೆಯಲ್ಲಿ ಮಾತಾಡಿಕೊಳ್ಳುತ್ತಾ ಆಡುತ್ತಾರೆ. ಬೆರಳುಗಳ ವೇಗದಲ್ಲಿ ಅವನು ಉಳಿದ ನಾಲ್ವರಿಗೆ ಸಮನಲ್ಲ. ಆದರೆ ಯಾರು ಎಲ್ಲಿ ನಿಲ್ಲಬೇಕು, ಯಾವಾಗ ನುಗ್ಗಬೇಕು, ಎದುರಾಳಿ ಮುಂದೆ ಏನು ಮಾಡುತ್ತಾನೆ ಎಂಬುದನ್ನೆಲ್ಲ ಹೇಳುವವನು ಅವನೇ. ಆಟಗಾರರ ಮಾತಿನಲ್ಲಿ ಇದು ‘ಕಾಲಿಂಗ್’, ಹೇಳುವವನು ‘ಕಾಲರ್’. ರಾಜ್ಯಮಟ್ಟದ ಆನ್‌ಲೈನ್ ಲೀಗಿನ ಅರ್ಹತಾ ಸುತ್ತು ಕೆಲವೇ ವಾರ ದೂರವಿತ್ತು. ಅಭ್ಯಾಸದ ಪಂದ್ಯಗಳಲ್ಲಿ ತಂಡ ಸಾಲಾಗಿ ಸೋಲುತ್ತಿತ್ತು. ಕಾರಣ ಒಂದೇ, ಅವನು ಹೇಳಿದ್ದು ಅವರಿಗೆ ಕೇಳುತ್ತಿರಲಿಲ್ಲ.

ಫ್ಯಾನಿನ ಸದ್ದನ್ನು ಅಳಿಸಿಹಾಕುವ ಸಾಫ್ಟ್‌ವೇರ್ ಇದೆಯಲ್ಲ ಎಂದು ನಾನು ಕೇಳಿದೆ. ಅವನು ನಕ್ಕು, ಅದನ್ನು ಚಾಲೂ ಮಾಡಿ ಒಂದು ವಾಕ್ಯ ಹೇಳಿ, ರೆಕಾರ್ಡ್ ಆದದ್ದನ್ನು ಕೇಳಿಸಿದ. ಏನೂ ಇರಲಿಲ್ಲ. ಒಂದೆರಡು ಕಡೆ ಅರ್ಧ ಅಕ್ಷರ ಮೇಲೆದ್ದು ಮುಳುಗಿತು, ಅಷ್ಟೇ. ಫ್ಯಾನಿನಷ್ಟೇ ಮೆಲ್ಲಗಿರುವ ಅವನ ಧ್ವನಿಯನ್ನೂ ಆ ಸಾಫ್ಟ್‌ವೇರು ಗದ್ದಲವೆಂದೇ ತಿಳಿದು ಅಳಿಸುತ್ತಿತ್ತು. ಮೈಕನ್ನು ಬಾಯಿಯ ಹತ್ತಿರ ಇಡೋಣವೆಂದರೆ ಕೊಳವೆಯ ಗಾಳಿ ನೇರ ಮೈಕಿಗೆ ಬಡಿಯುತ್ತಿತ್ತು. ಹಾಗಾಗಿ ಅದನ್ನು ಅಂಗಿಯ ಕೊರಳಪಟ್ಟಿಯ ಪಕ್ಕಕ್ಕೆ ಸಿಕ್ಕಿಸಿದ್ದರು. ಕಂಪ್ಯೂಟರನ್ನೇ ಹಾಲಿಗೆ ಸಾಗಿಸೋಣವೆಂದರೆ ಕೇಬಲ್ಲುಗಳೆಲ್ಲ ಗಾಲಿಕುರ್ಚಿ ಓಡಾಡುವ ಬಾಗಿಲಿಗೆ ಅಡ್ಡ ಬರುತ್ತವೆ. ಗೋಡೆ ಕೊರೆಯಲು ಮಾಲೀಕರು ಒಪ್ಪುವುದಿಲ್ಲ. ನಾನು ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಸುಲಭದ ಉಪಾಯಗಳನ್ನೆಲ್ಲ ಅವನು ಆಗಲೇ ಮಾಡಿನೋಡಿ ಮುಗಿಸಿದ್ದ.

“ಅವ್ರಿಗೆ ಕೇಳ್ಸಿಲ್ಲ ಅಂದ್ರೆ, ಕಾಲಿಂಗ್ ಬೇರೆಯವ್ರಿಗೆ ಕೊಡ್ತೀನಿ ಅಕ್ಕ,” ಅಂದ. ಕೊಳವೆಯಿಂದ ಒಂದು ಉಸಿರು. “ತಂಡ ನಂಗೋಸ್ಕರ ಸೋಲ್ಬಾರ್ದು. ಅದಕ್ ಮುಂಚೆ ಒಂದ್ಸಲ ಟ್ರೈ ಮಾಡೋಣ ಅಂತ.”

ದನಿಯಲ್ಲಿ ಅಳಲಿರಲಿಲ್ಲ. ಲೆಕ್ಕ ಹಾಕಿ ಹೇಳಿದ ಮಾತಿನಂತಿತ್ತು. ನನಗೆ ಅದೇ ಹೆಚ್ಚು ತಟ್ಟಿತು.

ಕಂಪ್ಯೂಟರಿನ ಪಕ್ಕದ ಫಲಕ ಬಿಚ್ಚಿದೆ. ಒಳಗೆ ಎಲ್ಲವೂ ಅಚ್ಚುಕಟ್ಟಾಗಿತ್ತು. ಒಂದೊಂದು ತಂತಿಯೂ ಹಿಂದಿನಿಂದ ಸುತ್ತಿ ಬಂದು ತನ್ನ ಜಾಗದಲ್ಲಿ ಕೂತಿತ್ತು. ಯಾವ ಅಂಗಡಿಯಲ್ಲಿ ಜೋಡಿಸಿದ್ದೆಂದು ಕೇಳಿದೆ. ಅಂಗಡಿಯಲ್ಲಲ್ಲ, ಇದೇ ನೆಲದ ಮೇಲೆ ಕೂತು ತಾವೇ ಜೋಡಿಸಿದ್ದೆಂದು ತಾಯಿ ಹೇಳಿದರು. ಭಾಗಗಳನ್ನೆಲ್ಲ ಆರಿಸಿದವನು ಮಗ. ಎಲ್ಲಿ ಹಿಡಿಯಬೇಕು, ಎಷ್ಟು ಒತ್ತಬೇಕು, ಯಾವ ಸ್ಕ್ರೂ ಮೊದಲು ಎಂದು ಅವನು ಕುರ್ಚಿಯಿಂದ ಹೇಳುತ್ತಾ ಹೋದ, ಅವರು ಮಾಡುತ್ತಾ ಹೋದರು. ಅವರು ಆ ಕಂಪ್ಯೂಟರನ್ನು ನೋಡುವ ರೀತಿಯಲ್ಲಿ, ತಾವೇ ಹೊಲಿದ ಬಟ್ಟೆಯನ್ನು ಮಗ ತೊಟ್ಟುಕೊಂಡಾಗ ಇರುವಂಥ ಹೆಮ್ಮೆಯಿತ್ತು.

ನನ್ನ ಕೆಲಸ ಸದ್ದಿನ ಮೂಲಗಳನ್ನು ಬೇರೆಬೇರೆ ಮಾಡುವುದರಿಂದ ಶುರುವಾಯಿತು. ಫ್ಯಾನುಗಳನ್ನೆಲ್ಲ ನಿಲ್ಲಿಸಿ, ಕಂಪ್ಯೂಟರು ಬಿಸಿಯಾಗುವ ಮೊದಲೇ ಒಂದೊಂದನ್ನಾಗಿ ತಿರುಗಿಸಿ ಕೇಳಬೇಕು. ಮೊಬೈಲಿನ ಸದ್ದು ಅಳೆಯುವ ಆ್ಯಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಅದರ ಬದಲು ಇಬ್ಬರೂ ಸೇರಿ ಒಂದು ಪದ್ಧತಿ ಮಾಡಿಕೊಂಡೆವು. ಪ್ರತಿ ಬದಲಾವಣೆಯ ನಂತರ ಅವನು ಅದೇ ಮೈಕಿನಲ್ಲಿ ಅದೇ ವಾಕ್ಯ ಹೇಳಬೇಕು: “ಬಲಗಡೆ ಇಬ್ರು, ಮೆಟ್ಲ ಮೇಲೊಬ್ಬ, ಕಾಯಿರಿ.” ರೆಕಾರ್ಡ್ ಆದದ್ದರಲ್ಲಿ ಎಷ್ಟು ಪದ ಉಳಿದವು ಎಂಬುದೇ ನಮ್ಮ ಅಳತೆ.

ಮೊದಲ ಅಪರಾಧಿ ಬೇಗ ಸಿಕ್ಕಿತು. ಪರದೆಯ ಚಿತ್ರ ಮೂಡಿಸುವ, ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡಿದ್ದ ಗ್ರಾಫಿಕ್ಸ್ ಕಾರ್ಡಿನ ಮೂರು ಪುಟ್ಟ ಫ್ಯಾನುಗಳಲ್ಲಿ ನಡುವಿನದರ ಬೇರಿಂಗ್ ಸವೆದು ಕರಕರ ಎನ್ನುತ್ತಿತ್ತು. ಎರಡನೆಯದು, ಕ್ಯಾಬಿನೆಟ್ಟಿನ ಮುಂಭಾಗದ ಗಾಜು. ಅದರ ಹಿಂದೆ ಬಣ್ಣಬಣ್ಣದ ದೀಪದ ಮೂರು ಫ್ಯಾನುಗಳಿದ್ದವು, ಆದರೆ ಗಾಳಿ ಒಳಬರಲು ಅಂಚಿನಲ್ಲಿ ಬೆರಳಗಲದ ಸಂದು ಮಾತ್ರ. ಆ ಸಂದಿನಿಂದ ಗಾಳಿಯನ್ನು ಹೀರಲು ಫ್ಯಾನುಗಳು ಒದ್ದಾಡುತ್ತಿದ್ದವು. ಮೂರನೆಯದು ನನ್ನ ಎಣಿಕೆಯಲ್ಲೇ ಇರಲಿಲ್ಲ. ಕ್ಯಾಬಿನೆಟ್ಟು ಕೂತಿದ್ದ ಪ್ಲೈವುಡ್ಡಿನ ಹಲಗೆಯನ್ನು ಅಂಗೈಯಿಂದ ಒತ್ತಿದಾಗ ಕೋಣೆಯ ಗುಂಯ್ಗುಡುವಿಕೆ ಅರ್ಧ ಇಳಿಯಿತು. ಟೊಳ್ಳಾದ ಹಲಗೆ ಫ್ಯಾನಿನ ಅದುರಾಟವನ್ನು ಹಿಡಿದು ದೊಡ್ಡದು ಮಾಡುತ್ತಿತ್ತು. ಕ್ಯಾಬಿನೆಟ್ಟಿನ ಕಾಲುಗಳ ಕೆಳಗೆ ದಪ್ಪ ರಬ್ಬರಿನ ತುಂಡುಗಳನ್ನಿಟ್ಟೆ. ನಮ್ಮ ವಾಕ್ಯದಲ್ಲಿ ‘ಬಲಗಡೆ’ ಎಂಬ ಪದ ಉಳಿದುಕೊಂಡಿತು.

“ಒಂದ್ ಪದ ಬಂತು,” ಅಂದ ಅವನು. “ಬಲಗಡೆ ಹೋಗಿ ಏನ್ ಮಾಡ್ಬೇಕು ಅಂತ ಅವ್ರೇ ಯೋಚ್ನೆ ಮಾಡ್ಲಿ.”

ಮರುದಿನ ಶಿವಾಜಿನಗರಕ್ಕೆ ಹೋದೆ. ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಹಳೆಯ ಕಂಪ್ಯೂಟರ್ ಭಾಗಗಳ ವ್ಯಾಪಾರಿಯೊಬ್ಬರಿದ್ದಾರೆ. ಬಹಳ ವರ್ಷಗಳ ಪರಿಚಯ. ದೊಡ್ಡ ಅಲಗಿನ, ನಿಧಾನ ತಿರುಗುವ ಫ್ಯಾನುಗಳು ಬೇಕೆಂದೆ. ಚಿಕ್ಕ ಫ್ಯಾನು ವೇಗವಾಗಿ ತಿರುಗಿ ತಳ್ಳುವಷ್ಟೇ ಗಾಳಿಯನ್ನು ದೊಡ್ಡದು ನಿಧಾನವಾಗಿ ತಿರುಗಿ ತಳ್ಳುತ್ತದೆ, ಸದ್ದು ಕಡಿಮೆ. ಯಾರಿಗೆ ಎಂದು ಅವರು ಕೇಳಿದರು, ನಾನು ಹೇಳಿದೆ. ಅವರು ಒಳಗೆ ಹೋಗಿ ಪೆಟ್ಟಿಗೆಯಿಂದ ಒಂದಷ್ಟು ಫ್ಯಾನುಗಳನ್ನು ತಂದು, ಒಂದೊಂದಕ್ಕೂ ಕರೆಂಟು ಕೊಟ್ಟು, ಕಿವಿಗೆ ಹಿಡಿದು ಕೇಳಿ, ಹೊಂದಿದವನ್ನು ಮಾತ್ರ ಬದಿಗಿಟ್ಟರು. ಸುತ್ತ ಮಾರುಕಟ್ಟೆಯ ಗದ್ದಲ. “ಇಲ್ಲಿ ಏನ್ ಕೇಳ್ಸುತ್ತೆ ಭಾಯ್?” ಎಂದೆ. “ಕಿವಿಗಲ್ಲ ಮೇಡಂ, ಬೆರಳಿಗೆ ಗೊತ್ತಾಗುತ್ತೆ. ಅದುರೋದು ಹಾಥ್ ಮೇ ಆತಾ,” ಅಂದರು.

ಆಮೇಲೆ ನಾನು ಮಾಡಿದ್ದು ಈ ಕೆಲಸದಲ್ಲಿ ಎಲ್ಲರೂ ಒಮ್ಮೆ ಮಾಡುವಂಥದ್ದು. ತಂದ ಫ್ಯಾನುಗಳನ್ನು ಹಾಕಿದ್ದಲ್ಲದೆ, ಕ್ಯಾಬಿನೆಟ್ಟಿನ ಒಳಗೋಡೆಗಳಿಗೆಲ್ಲ ಸದ್ದು ಹೀರುವ ಸ್ಪಂಜಿನ ಹಾಳೆ ಅಂಟಿಸಿ, ಮೇಲಿನ ಕಿಂಡಿಗಳನ್ನೂ ಮುಚ್ಚಿಬಿಟ್ಟೆ. ಚಾಲೂ ಮಾಡಿದಾಗ ಕೋಣೆ ತಣ್ಣಗೆ ಮೌನವಾಯಿತು. ವಾಕ್ಯದ ಪದಗಳೆಲ್ಲ ಬಂದವು. ತಾಯಿ ಕಾಫಿ ತಂದುಕೊಟ್ಟರು. ಅವನು ಆಟ ಶುರುಮಾಡಿದ. ಕಾಫಿ ಮುಗಿದು ಸ್ವಲ್ಪ ಹೊತ್ತಿಗೆ ಒಂದು ಫ್ಯಾನು ಮೆಲ್ಲಗೆ ಮೇಲೇರಿತು, ಅದರ ಹಿಂದೆ ಇನ್ನೊಂದು. ಅರ್ಧ ಗಂಟೆಯಲ್ಲಿ ಮೊದಲಿಗಿಂತ ಜೋರಾದ ಹುಯಿಲು. ಪರದೆಯ ಚಿತ್ರ ತಡೆತಡೆದು ಓಡತೊಡಗಿತು. ಕಾರ್ಡು ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸಿಕೊಳ್ಳುತ್ತಿತ್ತು. ಸದ್ದಿಗೆ ಕಂಬಳಿ ಹೊದಿಸುತ್ತೇನೆಂದು ನಾನು ಶಾಖಕ್ಕೆ ಕಂಬಳಿ ಹೊದಿಸಿದ್ದೆ. ಆ ಸ್ಪಂಜನ್ನೆಲ್ಲ ಕಿತ್ತು, ಅಂಟು ಉಜ್ಜಿ ತೆಗೆಯಲು ಉಳಿದ ಸಂಜೆಯೆಲ್ಲ ಹೋಯಿತು.

ಹಾಗಾದರೆ ಶಾಖವನ್ನೇ ಕಡಿಮೆ ಮಾಡಬೇಕು. ಗ್ರಾಫಿಕ್ಸ್ ಕಾರ್ಡುಗಳಿಗೆ ತಯಾರಕರು ಅಗತ್ಯಕ್ಕಿಂತ ತುಸು ಹೆಚ್ಚೇ ವೋಲ್ಟೇಜು ಕೊಟ್ಟಿರುತ್ತಾರೆ, ಎಂಥ ಕಾರ್ಡಾದರೂ ಕೆಲಸ ಮಾಡಲಿ ಎಂದು. ಅದನ್ನು ಸ್ವಲ್ಪಸ್ವಲ್ಪವೇ ಇಳಿಸುತ್ತಾ ಬಂದರೆ ಅದೇ ಕೆಲಸ ಕಡಿಮೆ ಬಿಸಿಯಲ್ಲಿ ಆಗುತ್ತದೆ. ಎಲ್ಲಿಯವರೆಗೆ ಇಳಿಸಬಹುದೆಂಬುದು ಮಾತ್ರ ಕಾರ್ಡಿನಿಂದ ಕಾರ್ಡಿಗೆ ಬೇರೆ. ನಾನು ಇಳಿಸುತ್ತಾ ಹೋದೆ, ಪರೀಕ್ಷೆಯ ಪ್ರೋಗ್ರಾಮು ಓಡಿಸುತ್ತಾ ಹೋದೆ. ಎಲ್ಲ ಸರಿಯಿದೆ ಅನಿಸಿತು. ಅವನಿಗೆ ಅಂದು ಬಲವಾದ ತಂಡವೊಂದರ ಜೊತೆ ಅಭ್ಯಾಸದ ಪಂದ್ಯವಿತ್ತು. ನಾನು ಹಿಂದೆ ಕೂತು ಉಷ್ಣತೆಯ ಅಂಕಿಗಳನ್ನು ನೋಡುತ್ತಿದ್ದೆ.

ಬಿರುಸಿನ ಸುತ್ತೊಂದರ ನಡುವೆ ಪರದೆ ಕಪ್ಪಾಯಿತು.

ವೋಲ್ಟೇಜು ಸಾಲದೆ ಕಾರ್ಡು ಕೈಚೆಲ್ಲಿತ್ತು. ಆಟ ಮುಚ್ಚಿಹೋಗಿತ್ತು, ಧ್ವನಿ ಕರೆ ಮಾತ್ರ ಉಳಿದಿತ್ತು. ನಾನು ಏಳುವಷ್ಟರಲ್ಲಿ ಅವನು ಮಾತಾಡಿದ್ದ. ನನ್ನೊಡನಲ್ಲ, ತಂಡದೊಡನೆ.

“ನಂಗೇನೂ ಕಾಣ್ತಿಲ್ಲ. ನಿಮ್ಗೇನ್ ಕಾಣ್ತಿದೆ, ಒಬ್ಬೊಬ್ರೇ ಹೇಳಿ.”

ನಾಲ್ವರೂ ತಾವೆಲ್ಲಿದ್ದೇವೆಂದು ಸರದಿಯಂತೆ ಹೇಳಿದರು. ಒಬ್ಬ ಮೆಟ್ಟಿಲ ಕೆಳಗೆ, ಇಬ್ಬರು ಹಿಂಬಾಗಿಲ ಹತ್ತಿರ, ಒಬ್ಬನಿಗೆ ಮೇಲೆ ಹೆಜ್ಜೆ ಸದ್ದು ಕೇಳಿಸಿತು. ಅವನು ಕಣ್ಣು ಮುಚ್ಚಿಕೊಂಡ. ಆ ಕಟ್ಟಡದ ಒಂದೊಂದು ಬಾಗಿಲೂ ಅವನ ತಲೆಯೊಳಗಿತ್ತು. ಹಿಂಬಾಗಿಲಿನ ಇಬ್ಬರೂ ಅಲ್ಲಾಡದೆ ನಿಲ್ಲಿ, ಎದುರಾಳಿಗಳು ಮೇಲಿಂದ ಇಳಿದು ನಿಮ್ಮ ಬೆನ್ನಿಗೇ ಬರುತ್ತಾರೆ, ಎಂದ. ಉಸಿರು ಎಳೆದುಕೊಂಡ. ಈಗ ತಿರುಗಿ, ಎಂದ. ಕಪ್ಪು ಪರದೆಯ ಮುಂದೆ ಕೂತು ಆ ಸುತ್ತನ್ನು ಗೆಲ್ಲಿಸಿದ. ಪಂದ್ಯವನ್ನು ಆಮೇಲೆ ಸೋತರು, ಅದು ಬೇರೆ ಮಾತು. ನಾನು ಬಹಳ ವರ್ಷಗಳಿಂದ ಆಟಗಾರರಿಗೆ ಕಂಪ್ಯೂಟರು ಕಟ್ಟುತ್ತಾ ಬಂದಿದ್ದೇನೆ. ಆಟವೆಂದರೆ ಏನೆಂದು ಕಣ್ಣಾರೆ ಕಂಡದ್ದು ಅಂದೇ.

ಕ್ಷಮಿಸು ಎಂದೆ. “ಒಳ್ಳೇದೇ ಆಯ್ತು ಅಕ್ಕ,” ಅಂದ. “ಲಿಮಿಟ್ ಎಲ್ಲಿದೆ ಅಂತ ಗೊತ್ತಾಯ್ತಲ್ಲ.” ನಾನು ವೋಲ್ಟೇಜನ್ನು ಎರಡು ಮೆಟ್ಟಿಲು ಮೇಲಕ್ಕೆ ತಂದೆ. ಕಂಪ್ಯೂಟರು ಗಟ್ಟಿಯಾಗಿ ನಿಂತಿತು, ಆದರೆ ಹೊರೆ ಹೆಚ್ಚಾದಾಗ ಫ್ಯಾನುಗಳು ಮತ್ತೆ ಏರುತ್ತಿದ್ದವು, ಇಳಿಯುತ್ತಿದ್ದವು.

ಆ ಏರಿಳಿತವನ್ನು ನಾನು ನೋಡುತ್ತಾ ಕೂತಿದ್ದಾಗಲೇ ಇನ್ನೊಂದು ಗಮನಕ್ಕೆ ಬಂತು. ಫ್ಯಾನುಗಳು ಏರಿದಾಗಲೆಲ್ಲ ತಾಯಿ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಒಂದು ಕ್ಷಣ ಮಗನನ್ನು ನೋಡಿ ವಾಪಸು ಹೋಗುತ್ತಿದ್ದರು. ಕೈಯಲ್ಲಿ ಒಮ್ಮೆ ಸೌಟು, ಒಮ್ಮೆ ಅರ್ಧ ಹೆಚ್ಚಿದ ಬೀನ್ಸಿನ ತಟ್ಟೆ. ನನಗೆ ಏನಾದರೂ ಬೇಕೇ ಎಂದು ಕೇಳಲು ಬರುತ್ತಾರೆ ಎಂದುಕೊಂಡಿದ್ದೆ. ಕೊನೆಗೆ ಕೇಳಿಯೇಬಿಟ್ಟೆ.

ಅವರು ಸ್ವಲ್ಪ ಸಂಕೋಚದಿಂದಲೇ ಹೇಳಿದರು. “ಅಲ್ಲಿಂದ ಅವ್ನ ಉಸಿರಿನ ಮಿಷನ್ ಕೇಳಿಸ್ಕೋತಿರ್ತೀನಿ ರೀ. ಪೈಪ್ ಬಾಯಿಂದ ಜಾರಿದ್ರೆ ಸದ್ದು ಬೇರೆ ಆಗುತ್ತೆ. ಇದು ಜೋರಾದ್ರೆ ಅದು ಕೇಳ್ಸಲ್ಲ. ಅದಕ್ಕೇ ಬಂದು ನೋಡ್ಕೊಂಡು ಹೋಗ್ತೀನಿ.”

ಯಂತ್ರಕ್ಕೆ ಅಲಾರಂ ಇದೆಯಲ್ಲ ಎಂದೆ. ಇದೆ, ಆದರೆ ಅಲಾರಂ ಕೂಗುವವರೆಗೆ ಯಾಕೆ ಕಾಯಬೇಕು ಎಂದರು. ಮಗ ಪರದೆಯಿಂದ ಕಣ್ಣು ತೆಗೆಯದೆ, ಅಮ್ಮನಿಗೆ ತನಗಿಂತ ಒಳ್ಳೆಯ ಹೆಡ್‌ಫೋನ್ ಇದೆ ಎಂದ. ಅವರಿಬ್ಬರೂ ನಕ್ಕರು. ಆ ಮನೆಯಲ್ಲಿ ಇಡೀ ದಿನ ಒಂದು ಆಲಿಸುವಿಕೆ ನಡೆದಿತ್ತು. ಕುಕ್ಕರಿನ ಸೀಟಿ, ರಸ್ತೆಯ ಹಾರ್ನು, ಟಿವಿಯ ಮಾತು, ಎಲ್ಲದರ ನಡುವೆ ಆ ತಾಯಿ ಒಂದು ಉಸಿರನ್ನು ಬಿಡದೆ ಹಿಡಿದುಕೊಂಡಿದ್ದರು. ಅವರಿಗೆ ಕಷ್ಟವಾಗುತ್ತಿದ್ದುದು ಸದ್ದು ಇರುವುದರಿಂದಲ್ಲ, ಅದು ಬದಲಾಗುವುದರಿಂದ. ಒಂದೇ ಸಮನೆ ಇರುವ ಸದ್ದನ್ನು ಕಿವಿ ಬದಿಗೆ ಸರಿಸಿಬಿಡುತ್ತದೆ. ಏರಿಳಿಯುವ ಸದ್ದನ್ನು ಸರಿಸಲು ಅದಕ್ಕಾಗುವುದಿಲ್ಲ. ಮೈಕಿನ ಸಾಫ್ಟ್‌ವೇರಿನ ಕಷ್ಟವೂ ಬಹುಮಟ್ಟಿಗೆ ಇದೇ ಆಗಿತ್ತು.

ಮನೆಗೆ ಹೋಗುವ ದಾರಿಯಲ್ಲಿ ನಾನು ಕೆಲಸವನ್ನು ತಲೆಕೆಳಗು ಮಾಡಲು ನಿರ್ಧರಿಸಿದೆ. ಅಲ್ಲಿಯವರೆಗೆ ನನ್ನ ಪ್ರಶ್ನೆ, ಇಷ್ಟು ಶಾಖಕ್ಕೆ ಫ್ಯಾನು ಎಷ್ಟು ವೇಗವಾಗಿ ತಿರುಗಬೇಕು ಎಂಬುದಾಗಿತ್ತು. ಇನ್ನು ಫ್ಯಾನಿನ ವೇಗವನ್ನು ಮೊದಲು ಗೊತ್ತುಮಾಡುವುದು. ಅವನ ಧ್ವನಿಗೂ ತಾಯಿಯ ಕಿವಿಗೂ ಒಪ್ಪುವ ಒಂದೇ ವೇಗ, ಖಾಲಿ ಕೂತಾಗಲೂ ಅದೇ, ಪಂದ್ಯದ ನಡುವೆಯೂ ಅದೇ. ಆ ಗಾಳಿ ಎಷ್ಟು ಶಾಖವನ್ನು ಹೊತ್ತೊಯ್ಯಬಲ್ಲದೋ ಅಷ್ಟರಲ್ಲೇ ಕಂಪ್ಯೂಟರು ಬದುಕಬೇಕು.

ಅವನಿಗೆ ಹೇಳಿದಾಗ ತಕ್ಷಣ ಅರ್ಥಮಾಡಿಕೊಂಡ. ಚಿತ್ರದ ಅಂದ ಕಡಿಮೆಯಾಗುತ್ತದೆ ಎಂದು ಎಚ್ಚರಿಸಿದೆ. ಆ ಕಾರ್ಡನ್ನು ಅವನು ಎಷ್ಟು ಆಸೆಪಟ್ಟು ಆರಿಸಿದ್ದನೆಂದು ನನಗೆ ಗೊತ್ತಿತ್ತು. ಅವನು ಸೆಟ್ಟಿಂಗ್ಸಿನ ಪುಟ ತೆರೆದು ಹೆಬ್ಬೆರಳಿನಿಂದ ಒಂದೊಂದನ್ನೇ ಇಳಿಸುತ್ತಾ ಬಂದ. ನೀರಿನಲ್ಲಿ ಕಾಣುವ ಪ್ರತಿಬಿಂಬ ಬೇಡ. ಗಾಳಿಯಲ್ಲಿ ತೇಲುವ ದೂಳು ಬೇಡ. ನೆರಳಿನ ಹತ್ತಿರ ಬಂದು ನಿಂತ.

“ನೆರಳು ಬೇಕು,” ಅಂದ. “ಮೂಲೆಯಲ್ಲಿ ನಿಂತಿರೋನು ಮೊದ್ಲು ನೆರಳಲ್ಲೇ ಸಿಕ್ಕಿಬೀಳೋದು. ಬೇರೆ ಏನ್ ಬೇಕಾದ್ರೂ ತಗೊಳ್ಳಿ.”

ನೆರಳನ್ನು ಉಳಿಸಿದೆವು. ಪರದೆಗೆ ತೋರಿಸಲಾಗದಷ್ಟು ಚಿತ್ರಗಳನ್ನು ಕಾರ್ಡು ಸುಮ್ಮನೆ ಬರೆಯುತ್ತಿತ್ತು. ಅದಕ್ಕೆ ಪರದೆಯ ವೇಗದಲ್ಲೇ ಮಿತಿ ಹಾಕಿದೆ. ಮೆನುವಿನಲ್ಲಿ ಸುಮ್ಮನೆ ನಿಂತಾಗಲೂ ಕಾರ್ಡಿನಿಂದ ಬರುತ್ತಿದ್ದ ಸಣ್ಣ ಕೀರಲು ಅದರ ಜೊತೆಗೇ ಹೋಯಿತು. ವಿದ್ಯುತ್ತಿನ ಮಿತಿಯನ್ನು ಮುಕ್ಕಾಲಿಗೆ ಇಳಿಸಿದೆ.

ಇನ್ನು ಕೈಕೆಲಸ. ಕಾರ್ಡಿನ ಪ್ಲಾಸ್ಟಿಕ್ ಹೊದಿಕೆಯನ್ನು ಅದರ ಮೂರು ಪುಟ್ಟ ಫ್ಯಾನುಗಳ ಸಮೇತ ಬಿಚ್ಚಿ ತೆಗೆದೆ. ಕೆಳಗೆ ಅಲ್ಯೂಮಿನಿಯಂ ಎಲೆಗಳ ಸಾಲು ಬಯಲಾಯಿತು. ಅದಕ್ಕೆ ನೇರವಾಗಿ ಎರಡು ದೊಡ್ಡ ಫ್ಯಾನುಗಳನ್ನು ನೈಲಾನ್ ಪಟ್ಟಿಗಳಿಂದ ಕಟ್ಟಿದೆ. ಸಾಮಾನ್ಯವಾಗಿ ಹೀಗೆ ಮಾಡಿದಾಗ ಕಾರ್ಡೇ ಅವುಗಳ ವೇಗ ನಿಯಂತ್ರಿಸುವಂತೆ ವಿಶೇಷ ಕೇಬಲ್ಲು ಹುಡುಕಬೇಕಾಗುತ್ತದೆ. ನಮಗೆ ವೇಗ ಬದಲಾಗುವುದೇ ಬೇಡವಾದ್ದರಿಂದ ಮದರ್‌ಬೋರ್ಡಿಗೆ ಸಿಕ್ಕಿಸಿದರೆ ಸಾಕಿತ್ತು. ಮುಂಭಾಗದ ಗಾಜನ್ನು ತೆಗೆದು, ಅದರ ಜಾಗಕ್ಕೆ ಸಣ್ಣ ಕಣ್ಣಿನ ಉಕ್ಕಿನ ಜಾಲರಿ ಕತ್ತರಿಸಿ ಕೂರಿಸಿದೆ. ಅದರ ಹಿಂದೆ ಅಯಸ್ಕಾಂತದಿಂದ ಅಂಟುವ ತೆಳು ಬಲೆ. ಆ ರಸ್ತೆಯ ದೂಳಿಗೆ ಅದಿಲ್ಲದೆ ಆಗದು. ಅದನ್ನು ಬಿಚ್ಚಿ ತೊಳೆಯುವುದನ್ನು ತಾಯಿಗೆ ತೋರಿಸಿಕೊಟ್ಟೆ. ಉಸಿರಾಟದ ಯಂತ್ರ ಕೋಣೆಯ ಗಾಳಿಯನ್ನೇ ಎಳೆದುಕೊಳ್ಳುವುದರಿಂದ ಕಂಪ್ಯೂಟರಿನ ಬಿಸಿ ಅತ್ತ ಹೋಗಬಾರದು. ಇಡೀ ಕ್ಯಾಬಿನೆಟ್ಟನ್ನು ತಿರುಗಿಸಿ ಅದರ ಬೆನ್ನು ಕಿಟಕಿಯ ಕಡೆಗೆ ಬರುವಂತೆ ಇಟ್ಟೆ. ಆ ಯಂತ್ರದ ಪ್ಲಗ್ಗು ಇದ್ದ ಗೋಡೆಯ ಹತ್ತಿರ ಮಾತ್ರ ನಾನು ಏನನ್ನೂ ಮುಟ್ಟಲಿಲ್ಲ.

ವೇಗವನ್ನು ಗೊತ್ತುಮಾಡುವ ಕೆಲಸ ಮೂವರದ್ದು. ತಾಯಿ ಅಡುಗೆಮನೆಯಲ್ಲಿ ಒಲೆಯ ಮುಂದೆ ನಿಂತರು. ಅವನು ಮೈಕಿನಲ್ಲಿ ನಮ್ಮ ವಾಕ್ಯ ಹೇಳಿದ. ನಾನು ಫ್ಯಾನುಗಳ ವೇಗವನ್ನು ಸ್ವಲ್ಪಸ್ವಲ್ಪ ಏರಿಸುತ್ತಾ ಹೋದೆ. ಒಂದು ಹಂತದಲ್ಲಿ ರೆಕಾರ್ಡಿಂಗ್ ಇನ್ನೂ ಸ್ಪಷ್ಟವಾಗಿತ್ತು, ನನಗೂ ಏನೂ ಅನಿಸಲಿಲ್ಲ. ಆದರೆ ಒಳಗಿಂದ, “ಅಲ್ಲಿಗೆ ಸಾಕು ರೀ, ಈಗ ಮುಚ್ಚಿಹೋಗ್ತಿದೆ,” ಎಂದು ಕೂಗಿದರು. ಒಂದು ಮೆಟ್ಟಿಲು ಕೆಳಗಿಳಿಸಿದೆ. ಅಲ್ಲಿಗೇ ಬಿಗಿದೆ.

ಪರೀಕ್ಷೆಯನ್ನು ಏಪ್ರಿಲ್ ಮಧ್ಯಾಹ್ನದ ಸುಡುಬಿಸಿಲಿಗೇ ಇಟ್ಟುಕೊಂಡೆವು. ತಲೆ ಮೇಲಿನ ಸೀಲಿಂಗ್ ಫ್ಯಾನನ್ನೂ ಆರಿಸಿದೆವು, ಪಂದ್ಯದ ವೇಳೆ ಅದೂ ಮೈಕಿಗೆ ಗಾಳಿ ಬಡಿಸುತ್ತದೆ. ಆಟದ ಅತಿ ಭಾರವಾದ ದೃಶ್ಯವನ್ನು ಓಡಲು ಬಿಟ್ಟು ಮೂವರೂ ಅಂಕಿ ನೋಡುತ್ತಾ ಕೂತೆವು. ಕಾರ್ಡಿನ ಉಷ್ಣತೆ ಏರಿತು, ಎಪ್ಪತ್ತು ದಾಟಿತು, ಎಪ್ಪತ್ತೈದು ದಾಟಿತು. ಎಂಬತ್ತರ ಹೊಸ್ತಿಲಲ್ಲಿ ಒಮ್ಮೆ ತಡೆದು, ಒಂದು ಡಿಗ್ರಿ ಕೆಳಗಿಳಿದು, ಅಲ್ಲೇ ನಿಂತುಬಿಟ್ಟಿತು. ಇನ್ನೂ ಬಹಳ ಹೊತ್ತು ಕಾದೆವು. ಅದು ಕದಲಲಿಲ್ಲ. ನಾವು ಮೂವರೂ ಬೆವರುತ್ತಿದ್ದೆವು, ಕಂಪ್ಯೂಟರು ಮಾತ್ರ ನೆಮ್ಮದಿಯಾಗಿತ್ತು. ಅದರೊಳಗಿನ ಫ್ಯಾನುಗಳು ಒಂದೇ ಹದದಲ್ಲಿ ತಿರುಗುತ್ತಿದ್ದವು. ಅವು ಇವೆಯೆಂದು ತಿಳಿಯಲು ಜಾಲರಿಯ ಮುಂದೆ ಕೈ ಹಿಡಿಯಬೇಕಿತ್ತು. ಕೋಣೆಯಲ್ಲಿ ಕೇಳುತ್ತಿದ್ದುದು ಉಸಿರಾಟದ ಯಂತ್ರದ ಸದ್ದು ಮಾತ್ರ. ಇಷ್ಟು ದಿನ ಅದನ್ನು ನಾನು ಸರಿಯಾಗಿ ಕೇಳಿಯೇ ಇರಲಿಲ್ಲ.

ಅರ್ಹತಾ ಸುತ್ತು ಒಂದು ಭಾನುವಾರ ಸಂಜೆ. ಏನಾದರೂ ಹೆಚ್ಚುಕಡಿಮೆಯಾದರೆ ಇರಲೆಂದು ನನ್ನನ್ನೂ ಕರೆದಿದ್ದರು. ಅವನ ಕೋಣೆಯಲ್ಲಿ ನಿಂತರೆ ಗಮನ ತಪ್ಪೀತೆಂದು ನಾನು ಅಡುಗೆಮನೆಯಲ್ಲಿ ತಾಯಿಯ ಜೊತೆ ಕೂತು ಅಲಸಂದೆಕಾಯಿ ಸುಲಿದೆ. ಮಾತು ಬರುತ್ತಿತ್ತು, ನಿಲ್ಲುತ್ತಿತ್ತು, ಉಸಿರು, ಮತ್ತೆ ಮಾತು. ಹಾಲಿನ ಆಚೆಯಿಂದಲೂ ಪದಪದ ತಿಳಿಯುತ್ತಿತ್ತು. ಮೊದಲ ಪಂದ್ಯ ಗೆದ್ದರು. ಎರಡನೆಯದು ಹಗ್ಗಜಗ್ಗಾಟವಾಗಿ ಬಹಳ ಎಳೆಯಿತು. ಕೊನೆಯ ಸುತ್ತುಗಳಲ್ಲಿ ತಾಯಿಯ ಕೈಯಲ್ಲಿ ಒಂದೇ ಕಾಯಿ ಹಾಗೇ ಉಳಿದಿತ್ತು, ಸುಲಿಯುವುದನ್ನು ಮರೆತಿದ್ದರು. ಗೆದ್ದೆವೆಂದು ನಮಗೆ ತಿಳಿದದ್ದು ಅವನ ಮಾತಿನಿಂದಲ್ಲ, ಹೆಡ್‌ಫೋನಿನಿಂದ ಹೊರಚಿಮ್ಮಿದ ನಾಲ್ವರ ಕೂಗಿನಿಂದ. ತಂಡ ಲೀಗಿಗೆ ಬಂದಿತ್ತು.

ನಾವು ಕೋಣೆಗೆ ಓಡಿದೆವು. ಕಿವಿ ನೋಯುತ್ತಿದೆ, ಹೆಡ್‌ಫೋನ್ ತೆಗೆಯಮ್ಮ ಎಂದ. ತಾಯಿ ತೆಗೆದು, ತಂತಿ ಎಳೆದು ಬದಿಗಿಟ್ಟರು. ಧ್ವನಿ ಕರೆ ಸ್ಪೀಕರಿನಲ್ಲಿ ಹೊರಬಂತು. ಪಂದ್ಯ ಮುಗಿದ ಮೇಲೆ ಎರಡೂ ತಂಡಗಳು ಒಂದೇ ಕರೆಗೆ ಬಂದು ಕೈಕುಲುಕುವ ಬದಲು ಮಾತಾಡಿಕೊಳ್ಳುವ ರೂಢಿ. ಎದುರಾಳಿ ತಂಡದ ನಾಯಕ, ಯಾವ ಊರಿನವನೋ, ಕೇಳುತ್ತಿದ್ದ. ಪಂದ್ಯದ ಪ್ರಸಾರದಲ್ಲಿ ಇವರ ಮಾತು ಕೇಳಿದ್ದ ಅವನ ಗೆಳೆಯರು ಆಗಲೇ ಅವನಿಗೆ ಹೇಳಿದ್ದರಂತೆ.

“ಗುರು, ನಿಮ್ ಕಾಲರ್ ಯಾರು? ಲಾಸ್ಟ್ ರೌಂಡಲ್ಲೂ ಒಂದ್ಸಲಾನೂ ವಾಯ್ಸ್ ಏರಿಸ್ಲಿಲ್ವಂತೆ. ಅಷ್ಟ್ ಕೂಲಾಗಿ ಹೆಂಗಿರ್ತೀರಾ?”

ತಾಯಿ ಮಗನ ಮುಖ ನೋಡಿದರು. ಅವನು ಕೊಳವೆಯನ್ನು ತುಟಿಯಲ್ಲಿ ಹಿಡಿದು, ಯಾವ ಅವಸರವೂ ಇಲ್ಲದೆ ಒಂದು ಪೂರ್ತಿ ಉಸಿರು ತೆಗೆದುಕೊಂಡ.

“ಏರಿಸೋ ಅಗತ್ಯ ಬರ್ಲಿಲ್ಲ ಮಗಾ,” ಅಂದ.